ಒಗ್ಗರಣೆಗೆ ಕೂಗುವ ಅಲಾರಂ, ಹೊಸ ಬ್ಯಾಟರಿಗೂ ನಿಲ್ಲದ ‘ಕೀಕ್’: ಎರಡನ್ನೂ ಬಿಚ್ಚಿಡಬಹುದೇ?

ಅಡುಗೆಮನೆಯ ಸ್ಮೋಕ್ ಅಲಾರಂ ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತದೆ, ಬೇಸ್‌ಮೆಂಟಿನ ಕಾರ್ಬನ್ ಮಾನಾಕ್ಸೈಡ್ (ಉರಿಗೆ ಆಮ್ಲಜನಕ ಸಾಲದಾಗ ಹುಟ್ಟುವ ವಿಷಾನಿಲ) ಅಲಾರಂ ಹೊಸ ಬ್ಯಾಟರಿ ಹಾಕಿದ ಮೇಲೂ ರಾತ್ರಿಯಿಡೀ ‘ಕೀಕ್’ ಎನ್ನುತ್ತದೆ, ಎರಡನ್ನೂ ಬಿಚ್ಚಿಟ್ಟು ಇಷ್ಟು ಗಲಾಟೆ ಮಾಡದ ಬೇರೆ ಕಂಪನಿಯದನ್ನು ನಿಧಾನವಾಗಿ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಡೆಟ್ರಾಯಿಟ್ ಸಮೀಪದ ನಮ್ಮ ಮನೆಯಲ್ಲಿ ಇವೇ ಎರಡು ಅಲಾರಂಗಳು ಇದೇ ರೀತಿ ನಮ್ಮ ತಾಳ್ಮೆ ಕೆಡಿಸಿದ್ದವು, ಮತ್ತು ನೀವು ಮಾಡಲು ಹೊರಟಿರುವುದನ್ನೇ ನಾನೂ ಮಾಡಿದೆ.

ನಮ್ಮ ಒಲೆಯ ಮೇಲೆ ಇದ್ದುದು ಇಲ್ಲಿನ ಎಷ್ಟೋ ಮನೆಗಳಲ್ಲಿರುವಂಥ ಮೈಕ್ರೋವೇವ್. ಅದರ ಫ್ಯಾನು ಹೊಗೆಯನ್ನು ಒಂದು ಜಾಲರಿಯ ಮೂಲಕ ಎಳೆದುಕೊಂಡು ಮತ್ತೆ ನಮ್ಮ ಮುಖಕ್ಕೇ ಬಿಡುತ್ತಿತ್ತು. ಕಾದ ಎಣ್ಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದ ಕೂಡಲೇ ಅಲಾರಂ ಕೂಗುವುದು, ನಾನು ಕುರ್ಚಿ ಹತ್ತಿ ಟವೆಲ್ ಬೀಸುವುದು ನಿತ್ಯದ ಕೆಲಸವಾಗಿತ್ತು. ಕೊನೆಗೆ ಬೇಸತ್ತು ಮೈಕ್ರೋವೇವ್ ತೆಗೆಸಿ, ನಿಮಿಷಕ್ಕೆ 900 ಘನ ಅಡಿ ಗಾಳಿಯನ್ನು ಮನೆಯಿಂದ ಹೊರಗೆ ಹಾಕುವ ದೊಡ್ಡ ಚಿಮ್ನಿ ಕೂರಿಸಿದೆವು. ಅಡುಗೆಮನೆಯ ಅಲಾರಂ ಅಂದಿನಿಂದ ಸುಮ್ಮನಾಯಿತು. ಅಷ್ಟು ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು ಎಂಬುದು ಹಾಕಲು ಬಂದವರಿಗೂ ಹೊಳೆಯಲಿಲ್ಲ, ಹಾಕಿಸಿದ ನನಗೂ ಹೊಳೆಯಲಿಲ್ಲ.

ಆ ಚಳಿಗಾಲದಲ್ಲೇ ಬೇಸ್‌ಮೆಂಟಿನ ಅಲಾರಂ ‘ಕೀಕ್’ ಎನ್ನಲು ಶುರುಮಾಡಿತು. 9 ವೋಲ್ಟ್ ಬ್ಯಾಟರಿ ಬದಲಿಸಿದೆ, ನಿಲ್ಲಲಿಲ್ಲ. ಬ್ಯಾಟರಿಯೇ ಹಾಳಾಗಿರಬಹುದೆಂದು ಇನ್ನೊಂದು ಹಾಕಿದೆ, ಆಗಲೂ ಅದೇ ಪಾಡು. ಟೆಸ್ಟ್ ಗುಂಡಿ ಒತ್ತಿದರೆ ಕಿವಿ ಗಡಚಿಕ್ಕುವಂತೆ ಕೂಗಿತು. ಹಾಗಾಗಿ ಅಲಾರಂ ನೆಟ್ಟಗಿದೆ, ಈ ‘ಕೀಕ್’ ಮಾತ್ರ ಏನೋ ಸರ್ಕ್ಯೂಟಿನ ಕಿತಾಪತಿ ಎಂದು ತೀರ್ಮಾನಿಸಿದೆ. ಶನಿವಾರ ಹೊಸದು ತಂದರಾಯಿತು ಎಂದು ಅದನ್ನು ಬಿಚ್ಚಿ ಡ್ರಾಯರಿಗೆ ಹಾಕಿದೆ. ಆ ಶನಿವಾರ ಬೇರೇನೋ ಕೆಲಸ ಬಂತು, ಮುಂದಿನ ವಾರ ಹಿಮ ಬಿತ್ತು, ಆಮೇಲೆ ಅಲಾರಂ ಮರೆತೇ ಹೋಯಿತು.

ಶಿವಮೊಗ್ಗದಿಂದ ಅಮ್ಮ ಬಂದಾಗ ಅವರಿಗೆ ಬೇಸ್‌ಮೆಂಟಿನ ಕೋಣೆಯನ್ನೇ ಕೊಟ್ಟೆವು. ಪಕ್ಕದಲ್ಲೇ ಬಚ್ಚಲಿತ್ತು, ಮೆಟ್ಟಿಲು ಹತ್ತುವ ಕಷ್ಟವಿರಲಿಲ್ಲ. ಗೋಡೆಯಾಚೆ ಗ್ಯಾಸಿನ ಉರಿಯಿಂದ ನೀರು ಕಾಯಿಸುವ ವಾಟರ್ ಹೀಟರ್ ಇತ್ತು. ಸಂಜೆಯ ಹೊತ್ತಿಗೆ ಅವರಿಗೆ ತಲೆನೋವು, ವಾಕರಿಕೆ, ಜ್ವರವಿಲ್ಲ. ದೇವಸ್ಥಾನಕ್ಕೋ ಅಂಗಡಿಗೋ ಹೊರಗೆ ಕರೆದುಕೊಂಡು ಹೋದರೆ ಗೆಲುವಾಗುತ್ತಿದ್ದರು. ಹವಾ ಬದಲಾಗಿದೆ, ನಿದ್ದೆಯ ಹೊತ್ತು ತಪ್ಪಿದೆ ಎಂದುಕೊಂಡೆವು. ಕೋವಿಡ್ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ನೋಡಿದರೆ 98 ತೋರಿಸುತ್ತಿತ್ತು. ಬೆರಳಿನ ಆಕ್ಸಿಮೀಟರಿಗೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಕಾರ್ಬನ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಒಂದೇ ಎಂದು ಎಣಿಸುತ್ತದೆ ಎಂಬುದನ್ನು ನನಗೆ ಆಸ್ಪತ್ರೆಯಲ್ಲಿ ಹೇಳಿದರು.

ಸಂಕ್ರಾಂತಿಯ ದಿನ ಬೆಳಗಿನಿಂದ ಚಿಮ್ನಿ ಜೋರಾಗಿ ಓಡುತ್ತಿತ್ತು, ಬಟ್ಟೆ ಒಣಗಿಸುವ ಡ್ರೈಯರ್ ನಡೆಯುತ್ತಿತ್ತು, ಒಬ್ಬರಾದ ಮೇಲೊಬ್ಬರು ಎಣ್ಣೆಸ್ನಾನ ಮಾಡುತ್ತಿದ್ದರಿಂದ ಹೀಟರಿನ ಉರಿ ಆರುವಂತೆಯೇ ಇರಲಿಲ್ಲ. ಪೂಜೆಗೆ ಕರೆಯಲು ಹೋದ ಮಗಳು ಅಜ್ಜಿ ಏಳುತ್ತಿಲ್ಲ ಎಂದು ಓಡಿಬಂದಳು. 911ಕ್ಕೆ ಕರೆ ಮಾಡಿದೆವು. ಬಂದ ಅಗ್ನಿಶಾಮಕ ಸಿಬ್ಬಂದಿಯ ಕೋಟಿಗೆ ಸಿಕ್ಕಿಸಿದ್ದ ಮೀಟರು ಬೇಸ್‌ಮೆಂಟಿನ ಮೆಟ್ಟಿಲಲ್ಲೇ ಕೂಗತೊಡಗಿತು. ನಮ್ಮೆಲ್ಲರನ್ನೂ ಆ ಚಳಿಯಲ್ಲಿ ಅಂಗಳಕ್ಕೆ ಅಟ್ಟಿದರು. ಅಮ್ಮನಿಗೆ ಆಮ್ಲಜನಕ ಕೊಟ್ಟು, ರಕ್ತ ಪರೀಕ್ಷಿಸಿ, ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಅವರು ಚೇತರಿಸಿಕೊಂಡರು. ವಿಸಿಟರ್ ವಿಮೆ ಒಂದು ಪಾಲನ್ನಷ್ಟೇ ಕೊಟ್ಟಿತು. ಉಳಿದದ್ದನ್ನು ನಾವು ಕಂತಿನಲ್ಲಿ ತೀರಿಸಿದೆವು.

ನಡೆದದ್ದೇನೆಂದು ಹೀಟರ್ ನೋಡಲು ಬಂದ ತಂತ್ರಜ್ಞರು ತೋರಿಸಿಕೊಟ್ಟರು. ನಮ್ಮದು ಹಳೆಯ ಮಾದರಿಯ ಹೀಟರ್. ಬಿಸಿ ಹೊಗೆ ತಾನಾಗಿ ಮೇಲೇರಿ ಕೊಳವೆಯ ಮೂಲಕ ಸೂರಿನಾಚೆ ಹೋಗಬೇಕು, ಅದನ್ನು ತಳ್ಳುವ ಫ್ಯಾನು ಇರುವುದಿಲ್ಲ. ಅವರು ಕೇಳಿದರೆಂದು ದೇವರ ಮನೆಯಿಂದ ಊದುಬತ್ತಿ ತಂದು, ಹೀಟರಿನ ತಲೆಗೂ ಕೊಳವೆಗೂ ನಡುವೆ ಇರುವ ತೆರಪಿನ ಹತ್ತಿರ ಹಿಡಿದೆ. ಚಿಮ್ನಿ ಆರಿಸಿದ್ದಾಗ ಹೊಗೆಯ ಎಳೆ ನೆಟ್ಟಗೆ ಕೊಳವೆಯೊಳಗೆ ಹೋಯಿತು. ಮೇಲೆ ಚಿಮ್ನಿಯನ್ನು ಜೋರಾಗಿ ಹಾಕಿ ಮತ್ತೆ ಹಿಡಿದಾಗ ಅದೇ ಎಳೆ ಸ್ವಲ್ಪ ಹೊಯ್ದಾಡಿ, ಬಾಗಿ, ನಮ್ಮ ಕಡೆಗೇ ಬಂತು. ಕಿಟಕಿಗಳೆಲ್ಲ ಮುಚ್ಚಿದ ಮನೆಯಲ್ಲಿ ಚಿಮ್ನಿಗೆ ಗಾಳಿ ಸಿಕ್ಕಿದ್ದು ಹೀಟರಿನ ಕೊಳವೆಯಿಂದ. ಮೇಲೆ ಹೋಗಬೇಕಿದ್ದ ಹೊಗೆ ಒಳಗೇ ಸುರಿಯುತ್ತಿತ್ತು, ಆ ಹೊಗೆಯನ್ನೇ ಮತ್ತೆ ಉಸಿರಾಡುತ್ತಿದ್ದ ಉರಿಗೆ ಆಮ್ಲಜನಕ ಸಾಲದೆ ವಿಷಾನಿಲ ಹೆಚ್ಚುತ್ತಿತ್ತು. ಹೀಟರಿನ ತಲೆಯ ಮೇಲೆ ನೀರಿನ ಪೈಪುಗಳ ಬುಡದಲ್ಲಿದ್ದ ಪ್ಲಾಸ್ಟಿಕ್ ಬಳೆಗಳು ಕರಗಿ ಜೋತುಬಿದ್ದಿದ್ದವು. ಅಲ್ಲಿ ಬಿಸಿ ಹೊಗೆ ಹೊರಚೆಲ್ಲುತ್ತಿದೆ ಎಂಬುದಕ್ಕೆ ಅದು ಕಣ್ಣಿಗೆ ಕಾಣುವ ಗುರುತಂತೆ.

ಈ ಕತೆ ಕೇಳಿದವರೆಲ್ಲ ಚಿಮ್ನಿಯನ್ನು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಚಿಮ್ನಿ, ಹೀಟರ್, ಮುಚ್ಚಿದ ಕಿಟಕಿ ಇವೆಲ್ಲ ನನಗೆ ತಿಳಿಯದ ಸಂಗತಿಗಳು. ತಿಳಿಯದವನಿಗೆ ತಿಳಿಸಲೆಂದೇ ಗೋಡೆಯ ಮೇಲೆ ಒಂದು ಯಂತ್ರವಿತ್ತು, ಅದನ್ನು ಬಿಚ್ಚಿದ್ದು ನಾನು. ಆ ‘ಕೀಕ್’ ಬ್ಯಾಟರಿಯದ್ದಾಗಿರಲಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರಮಿನೊಳಗಿನ ಸಂವೇದಕ ರಾಸಾಯನಿಕ ಕ್ರಿಯೆಯಿಂದ ಕೆಲಸ ಮಾಡುವಂಥದ್ದು, ಅದಕ್ಕೆ ಆಯುಷ್ಯವಿದೆ: ಮಾದರಿಯನ್ನು ಅವಲಂಬಿಸಿ 5, 7 ಅಥವಾ 10 ವರ್ಷ. ಅದು ಮುಗಿದಾಗ ನನ್ನನ್ನು ಬದಲಿಸಿ ಎಂದು ಯಂತ್ರ ಹೀಗೇ ‘ಕೀಕ್’ ಎನ್ನುತ್ತದೆ, ಎಷ್ಟು ಬ್ಯಾಟರಿ ಹಾಕಿದರೂ ನಿಲ್ಲದು. ಬ್ಯಾಟರಿಯ ‘ಕೀಕ್’ಗೂ ಆಯುಷ್ಯ ಮುಗಿದ ‘ಕೀಕ್’ಗೂ ಇರುವ ವ್ಯತ್ಯಾಸ, ಎಷ್ಟು ಸೆಕೆಂಡಿಗೊಮ್ಮೆ, ಜೊತೆಗೆ ಯಾವ ದೀಪ ಮಿನುಗುತ್ತದೆ ಎಂಬುದೆಲ್ಲ ಅಲಾರಮಿನ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ತಯಾರಾದ ದಿನಾಂಕವೂ ಅಲ್ಲೇ ಇರುತ್ತದೆ. ನಾನು ಬ್ಯಾಟರಿ ಹಾಕುವಾಗ ಆ ಬೆನ್ನನ್ನೇ ಕೈಯಲ್ಲಿ ಹಿಡಿದಿದ್ದೆ, ಓದಲಿಲ್ಲ. ಇನ್ನು ನಾನು ನಂಬಿದ ಟೆಸ್ಟ್ ಗುಂಡಿ: ಅದು ಕೊಂಬು, ಬ್ಯಾಟರಿ, ಸರ್ಕ್ಯೂಟುಗಳನ್ನು ಪರೀಕ್ಷಿಸುತ್ತದೆಯೇ ಹೊರತು ಅನಿಲವನ್ನು ಗುರುತಿಸುವ ಶಕ್ತಿ ಉಳಿದಿದೆಯೇ ಎಂಬುದನ್ನಲ್ಲ. ಸತ್ತ ಸಂವೇದಕದ ಅಲಾರಮೂ ಗುಂಡಿ ಒತ್ತಿದರೆ ಭರ್ಜರಿಯಾಗಿ ಕೂಗಬಲ್ಲದು. ಬಿಚ್ಚಿದ ಸಂಜೆಯೇ ಅಂಗಡಿಗೆ ಹೋಗಿದ್ದರೆ ಈ ಉತ್ತರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಆದ್ದರಿಂದ ಕಡಿಮೆ ಗಲಾಟೆಯ ಕಂಪನಿ ಯಾವುದು ಎಂಬ ನಿಮ್ಮ ಪ್ರಶ್ನೆಯೇ ನನಗೆ ಸರಿಕಾಣುವುದಿಲ್ಲ. ಅಡುಗೆಮನೆಯದು ಕೂಗುವುದಕ್ಕೆ ಕಂಪನಿ ಕಾರಣವಲ್ಲ, ಅದರ ಜಾತಿ ಮತ್ತು ಜಾಗ ಕಾರಣ. ಬೆನ್ನಿನ ಮೇಲೆ ‘ಅಯೊನೈಸೇಷನ್’ ಎಂದಿದ್ದರೆ ಅದರೊಳಗೆ ಹೊಗೆ ಗುರುತಿಸಲು ಅಮೆರಿಸಿಯಂ-241 ಎಂಬ ವಿಕಿರಣ ಸೂಸುವ ಲೋಹದ ಒಂದು ಕಣವಿರುತ್ತದೆ. ಧಗ್ಗನೆ ಹತ್ತುವ ಬೆಂಕಿಯನ್ನು ಬೇಗ ಹಿಡಿಯುತ್ತದೆ, ಒಗ್ಗರಣೆಯನ್ನೂ ಅಷ್ಟೇ ಬೇಗ ಹಿಡಿಯುತ್ತದೆ. ‘ಫೋಟೊಎಲೆಕ್ಟ್ರಿಕ್’ ಜಾತಿಯದು ಅಡುಗೆಗೆ ಇಷ್ಟು ರೇಗುವುದಿಲ್ಲ, ಸೋಫಾ ಹಾಸಿಗೆಗಳು ಒಳಗೊಳಗೇ ಹೊಗೆಯಾಡುವುದನ್ನು ಚೆನ್ನಾಗಿ ಹಿಡಿಯುತ್ತದೆ. ಅದನ್ನು ಒಲೆಯಿಂದ ಕನಿಷ್ಠ 10 ಅಡಿ ದೂರದಲ್ಲಿ ಹಾಕಿ, ಆಗಾಗ ವ್ಯಾಕ್ಯೂಮಿನಿಂದ ದೂಳು ತೆಗೆಯಿರಿ. ಒಳಗೆ ಸೇರಿದ ದೂಳು, ಪುಟ್ಟ ಜೇಡ ಕೂಡ ಅದಕ್ಕೆ ಹೊಗೆಯಂತೆಯೇ ಕಾಣುತ್ತದೆ. ಸ್ಮೋಕ್ ಅಲಾರಂ ಯಾವ ಜಾತಿಯದಾದರೂ ತಯಾರಾಗಿ 10 ವರ್ಷವಾದರೆ ಬದಲಿಸಿ. ಶವರ್ ಕ್ಯಾಪ್ ಹಾಕಿ ಮುಚ್ಚುವ ಉಪಾಯವನ್ನು ನಮ್ಮವರು ಪರಸ್ಪರ ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದ್ದೇನೆ, ಅದೂ ಬಿಚ್ಚಿಟ್ಟಂತೆಯೇ.

‘ಕೀಕ್’ ರಾತ್ರಿಯೇ ಏಕೆ ಎಂದೂ ಕೇಳಿದ್ದೀರಿ. ಬ್ಯಾಟರಿ ಕಾರಣವಾಗಿದ್ದಾಗ, ಮನೆ ತಣ್ಣಗಾದಂತೆ ಅದರ ವೋಲ್ಟೇಜ್ ಇಳಿಯುವುದರಿಂದ ಅದು ಬೆಳಗಿನ ಜಾವಕ್ಕೇ ಶುರುವಾಗುತ್ತದೆ. ನಿಮ್ಮದು ಹೊಸ ಬ್ಯಾಟರಿಗೂ ನಿಂತಿಲ್ಲವಾದ್ದರಿಂದ ದಿನಾಂಕ ನೋಡಿ. ‘ಕೀಕ್’ ಒಂದು ಬಗೆ, ನಿಜವಾದ ಕೂಗು ಇನ್ನೊಂದು ಬಗೆ: ಮೂರು ಮೂರು ಬಾರಿ ಕೂಗಿದರೆ ಹೊಗೆ, ನಾಲ್ಕು ನಾಲ್ಕು ಬಾರಿ ಕೂಗಿದರೆ ಕಾರ್ಬನ್ ಮಾನಾಕ್ಸೈಡ್. ನಾಲ್ಕರ ಕೂಗು ಕೇಳಿದರೆ ವಾಸನೆ ಇಲ್ಲವಲ್ಲ ಎಂದು ಮೂಸುತ್ತ ನಿಲ್ಲಬೇಡಿ, ಆ ಅನಿಲಕ್ಕೆ ವಾಸನೆಯಿಲ್ಲ. ಇಲ್ಲಿನ ಮಾನದಂಡದ ಪ್ರಕಾರ ಹತ್ತು ಲಕ್ಷಕ್ಕೆ 70 ಭಾಗ ಇದ್ದಾಗ ಅಲಾರಂ ಕೂಗಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು, 400 ಇದ್ದರೆ 4ರಿಂದ 15 ನಿಮಿಷ. ಅಂದರೆ ಅದು ಕೂಗುವ ಹೊತ್ತಿಗೆ ನೀವು ಸಾಕಷ್ಟು ಸೇವಿಸಿರುತ್ತೀರಿ. ಎಲ್ಲರೂ ಹೊರಗೆ ಬಂದು ಅಲ್ಲಿಂದ 911ಕ್ಕೆ ಕರೆ ಮಾಡಿ. ಊರಿನ ಎಲ್‌ಪಿಜಿಯಂತೆ ಇದು ನೆಲದಲ್ಲಿ ಕೂರುವುದಿಲ್ಲ, ಗಾಳಿಯೊಡನೆ ಬೆರೆಯುತ್ತದೆ. ಹಾಗಾಗಿ ಅಲಾರಂ ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ ಪ್ರತಿ ಅಂತಸ್ತಿನಲ್ಲೂ, ಮಲಗುವ ಕೋಣೆಗಳ ಹತ್ತಿರವೂ ಇದೆಯೇ ಎಂಬುದು ಮುಖ್ಯ.

ಬಾಡಿಗೆ ಮನೆಯಾಗಿದ್ದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಆದರೆ ಅವರ ಉತ್ತರಕ್ಕಾಗಿ ಕಾಯಬೇಡಿ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಸ್ವಂತ ಮನೆಯಾಗಿದ್ದು, ಒಗ್ಗರಣೆಯ ಕಾಟಕ್ಕೆ ನೀವೂ ದೊಡ್ಡ ಚಿಮ್ನಿಯ ಯೋಚನೆಯಲ್ಲಿದ್ದರೆ, ಮೊದಲು ನಿಮ್ಮ ವಾಟರ್ ಹೀಟರ್ ಯಾವ ಮಾದರಿಯದು ಎಂದು ನೋಡಿ. ನಮ್ಮಂಥ ಹೀಟರ್ ಇರುವ ಮನೆಯಲ್ಲಿ ಚಿಮ್ನಿ ನಿಮಿಷಕ್ಕೆ 400 ಘನ ಅಡಿ ದಾಟಿದರೆ ಹೊರಗಿನಿಂದ ಗಾಳಿ ತರುವ ಪ್ರತ್ಯೇಕ ದಾರಿ ಇರಬೇಕೆಂದು ಇಲ್ಲಿನ ವಸತಿ ಕಟ್ಟಡ ಸಂಹಿತೆಯೇ ಹೇಳುತ್ತದೆ. ನಾವು ಹೀಟರನ್ನೇ ಬದಲಿಸಿ, ಹೊಗೆಯನ್ನು ಫ್ಯಾನಿನಿಂದ ಹೊರದಬ್ಬುವ ಮಾದರಿಯದನ್ನು ಹಾಕಿಸಿದೆವು, ಚಿಮ್ನಿಗೆ ಗಾಳಿಯ ದಾರಿಯನ್ನೂ ಮಾಡಿಸಿದೆವು.