ಟೋಗ್ಯಾಫ್: ಎರಡನೇ ಭಾಗದಲ್ಲಿ ಎಡವುವುದು ಎಲ್ಲಿ?

ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂದರೆ ಇಡೀ ಸಂಸ್ಥೆಯ ವ್ಯವಹಾರ, ಮಾಹಿತಿ, ತಂತ್ರಾಂಶಗಳ ನಕ್ಷೆ ರೂಪಿಸುವ ಕೆಲಸ. ಅದಕ್ಕೆ ದಿ ಓಪನ್ ಗ್ರೂಪ್ ಎಂಬ ಸಂಸ್ಥೆ ಹೊರತಂದ ಚೌಕಟ್ಟು ಟೋಗ್ಯಾಫ್. ಅದರ ಪ್ರಮಾಣಪತ್ರದ ಬಗ್ಗೆ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ಬೆಂಗಳೂರಿನಲ್ಲಿ 11 ವರ್ಷದಿಂದ ಜಾವಾ ಕೆಲಸ, ಈಗ ಟೆಕ್ ಲೀಡ್. ಟೋಗ್ಯಾಫ್‌ಗೆ ತರಬೇತಿ ಸೇರಲೇಬೇಕೇ, ನಾನೇ ಓದಿಕೊಂಡು ಬರೆಯಬಹುದೇ?

ನೀವೇ ಓದಿಕೊಂಡು ಬರೆಯಬಹುದು, ತರಬೇತಿ ಕಡ್ಡಾಯವಲ್ಲ. ಈಗಿನ ಪರೀಕ್ಷೆ 2022ರ ಏಪ್ರಿಲ್‌ನಲ್ಲಿ ಬಂದ 10ನೇ ಆವೃತ್ತಿಯದು. ಮೊದಲ ಭಾಗ ಫೌಂಡೇಶನ್: 40 ಪ್ರಶ್ನೆ, 60 ನಿಮಿಷ, ಪಾಸಾಗಲು 24 ಅಂಕ, ಪುಸ್ತಕ ನೋಡುವಂತಿಲ್ಲ. ಎರಡನೆಯದು ಪ್ರ್ಯಾಕ್ಟಿಷನರ್: 8 ಸನ್ನಿವೇಶಗಳು, 90 ನಿಮಿಷ, ಇಲ್ಲೂ 40ಕ್ಕೆ 24 ಬೇಕು. ಎರಡನ್ನೂ ಒಟ್ಟಿಗೆ ಬರೆಯುವ ಪರೀಕ್ಷೆಯೂ ಇದೆ. ಅದರಲ್ಲಿ ಒಂದು ಭಾಗ ಮಾತ್ರ ಹೋದರೆ ಆ ಭಾಗವನ್ನಷ್ಟೇ ಮತ್ತೆ ಬರೆದರೆ ಸಾಕು.

ಫೌಂಡೇಶನ್‌ಗೆ ತರಬೇತಿಯ ದುಡ್ಡು ಹಾಕುವ ಅಗತ್ಯ ನಿಮಗಿಲ್ಲ. ದಿನಕ್ಕೊಂದು ಗಂಟೆ ಕೂತರೆ ಐದಾರು ವಾರದಲ್ಲಿ ಮುಗಿಯುವ ಓದು ಅದು. ಎರಡನೇ ಭಾಗಕ್ಕೆ ಒಳ್ಳೆಯ ಬೋಧಕರಿದ್ದರೆ ನಿಜವಾಗಿ ಅನುಕೂಲ. ಸೇರುವ ಮುಂಚೆ ಮೂರು ವಿಷಯ ವಿಚಾರಿಸಿಕೊಳ್ಳಿ. ಆ ಕೋರ್ಸು ದಿ ಓಪನ್ ಗ್ರೂಪ್‌ನ ಮಾನ್ಯತೆ ಪಡೆದವರ ಪಟ್ಟಿಯಲ್ಲಿ ಇದೆಯೇ? ಹೇಳಿದ ಶುಲ್ಕದಲ್ಲಿ ಪರೀಕ್ಷೆಯ ವೋಚರ್ ಮತ್ತು 18% ಜಿಎಸ್‌ಟಿ ಸೇರಿದೆಯೇ? ವೋಚರ್ ಎರಡೂ ಭಾಗಕ್ಕೋ, ಮೊದಲನೆಯದಕ್ಕೆ ಮಾತ್ರವೋ? ಇವುಗಳ ಜೊತೆಗೆ, ನಾಲ್ಕೈದು ದಿನದ ತರಗತಿಯಲ್ಲಿ ನಿಮ್ಮ ಕೈಯಲ್ಲಿ ಏನನ್ನು ಬರೆಸುತ್ತಾರೆ ಎಂದೂ ಕೇಳಿ. "ಮುನ್ನೂರು ಸ್ಲೈಡು, ಐನೂರು ಪ್ರಶ್ನೆಯ ಬ್ಯಾಂಕು" ಎಂದಷ್ಟೇ ಉತ್ತರ ಬಂದರೆ ಅದು ಮೊದಲ ಭಾಗಕ್ಕಷ್ಟೇ ತಯಾರು ಮಾಡುವ ಕೋರ್ಸು. ನಿಜವಾದ ಪರೀಕ್ಷೆಯ ಪ್ರಶ್ನೆಗಳೇ ಇವು ಎಂದು ಮಾರುವವರ ಹತ್ತಿರ ಸುಳಿಯಬೇಡಿ. ಅದು ಪರೀಕ್ಷೆಯ ಒಪ್ಪಂದಕ್ಕೆ ವಿರುದ್ಧ, ಪಡೆದ ಪ್ರಮಾಣಪತ್ರಕ್ಕೇ ಕುತ್ತು ಬರಬಹುದು.

ಪ್ರಶ್ನೆ: ಫೌಂಡೇಶನ್‌ನಲ್ಲಿ 40ಕ್ಕೆ 35 ಬಂತು. ಪ್ರ್ಯಾಕ್ಟಿಷನರ್‌ನಲ್ಲಿ 20 ಬಂದು ಫೇಲಾದೆ. ಪುಸ್ತಕ ನೋಡಿ ಬರೆಯುವ ಪರೀಕ್ಷೆಯಲ್ಲೇ ಹೀಗಾಗಿದ್ದೇಕೆ?

ಮೊದಲು ಅಂಕದ ಲೆಕ್ಕ. ಪ್ರತಿ ಸನ್ನಿವೇಶಕ್ಕೂ ನಾಲ್ಕು ಉತ್ತರಗಳಿರುತ್ತವೆ: ಅತ್ಯುತ್ತಮಕ್ಕೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1, ದಾರಿ ತಪ್ಪಿಸುವುದಕ್ಕೆ 0. ಎಂಟರಲ್ಲೂ ಎರಡನೇ ಉತ್ತರವನ್ನೇ ಆರಿಸಿದರೂ 24 ಬಂದು ಪಾಸು! ಅಂದರೆ ಇಲ್ಲಿ ಸೋಲುವುದು ಸೂಕ್ಷ್ಮ ವ್ಯತ್ಯಾಸ ತಿಳಿಯದೆ ಅಲ್ಲ. ಒಂದು ಮತ್ತು ಸೊನ್ನೆಯ ಉತ್ತರಗಳ ಬಲೆಗೆ ಬಿದ್ದಾಗಲೇ ಸೋಲು. ಬಲೆಗೆ ಬೀಳುವುದಕ್ಕೆ ಮುಖ್ಯ ಕಾರಣ, ಕಥೆ ಎಡಿಎಂನ (ಆರ್ಕಿಟೆಕ್ಚರ್ ಕಟ್ಟಲು ಟೋಗ್ಯಾಫ್ ಹೇಳುವ ವಿಧಾನ, ಮುಖ್ಯ ಹಂತಗಳು ಎ ಇಂದ ಎಚ್ ವರೆಗೆ) ಯಾವ ಹಂತದಲ್ಲಿ ನಿಂತಿದೆ ಎಂದು ಗುರುತಿಸದೆ ಉತ್ತರಗಳಿಗೆ ಹೋಗುವುದು.

ಮಾದರಿಗೆ ಒಂದು ಸನ್ನಿವೇಶ ನಾವೇ ಕಟ್ಟಿ ಕೊಡುತ್ತೇವೆ. ಔಷಧ ಕಂಪನಿಯೊಂದು ಮೂರು ಸಣ್ಣ ಕಂಪನಿಗಳನ್ನು ಕೊಂಡಿದೆ. ಏನೇನು ಕೆಲಸ ಮಾಡಬೇಕೆಂದು ಒಪ್ಪಿಕೊಂಡ ದಾಖಲೆಗೆ, ಅಂದರೆ ಸ್ಟೇಟ್‌ಮೆಂಟ್ ಆಫ್ ಆರ್ಕಿಟೆಕ್ಚರ್ ವರ್ಕ್‌ಗೆ, ಸಹಿ ಬಿದ್ದಿದೆ. ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ ಬ್ಯಾಚ್ ದಾಖಲೆಗಳು ಕೈತಪ್ಪಿ ಹೋದಾವೆಂಬ ಆತಂಕ, ಹಣಕಾಸು ಮುಖ್ಯಸ್ಥರಿಗೆ ಖರ್ಚಿನ ಚಿಂತೆ. ನೀವು ಮುಂದೇನು ಸೂಚಿಸುತ್ತೀರಿ?

ಒಂದನೇ ಉತ್ತರ: ಇಬ್ಬರ ಕಾಳಜಿಗೂ ತಕ್ಕ ವ್ಯೂಪಾಯಿಂಟ್ (ಯಾವ ಕೋನದಿಂದ ತೋರಿಸಬೇಕೆಂಬುದು) ಆರಿಸಿ, ಈಗಿನ ಮತ್ತು ಗುರಿಯ ಬಿಸಿನೆಸ್ ಆರ್ಕಿಟೆಕ್ಚರ್ ಬರೆದು, ಅಂತರ ಗುರುತಿಸಿ, ಸಂಬಂಧಪಟ್ಟವರ ಮುಂದಿಟ್ಟು ಔಪಚಾರಿಕವಾಗಿ ಪರಿಶೀಲಿಸುವುದು. ಎರಡು: ಇದನ್ನೇ ಮಾಡುವುದು, ಆದರೆ ಕೊನೆಯ ಪರಿಶೀಲನೆ ಬಿಟ್ಟು. ಮೂರು: ಯಾವ ಪ್ರಾಜೆಕ್ಟು ಮೊದಲು, ಯಾವುದು ಆಮೇಲೆ ಎಂದು ಖರ್ಚು-ಲಾಭ ಹಾಕಿ ಮೈಗ್ರೇಶನ್ (ಹಳೆಯದರಿಂದ ಹೊಸದಕ್ಕೆ ಸಾಗುವ) ಯೋಜನೆ ಅಂತಿಮಗೊಳಿಸುವುದು. ನಾಲ್ಕು: ನಾಲ್ಕೂ ಕಂಪನಿಗೆ ಇಡೀ ವ್ಯವಹಾರ ನಡೆಸುವ ಒಂದೇ ಇಆರ್‌ಪಿ ತಂತ್ರಾಂಶ ಖರೀದಿಸಿ ಜಾರಿಗೆ ತರುವುದು.

ಹತ್ತು ವರ್ಷ ಪ್ರಾಜೆಕ್ಟು ನಡೆಸಿದವರ ಕೈ ತಾನಾಗಿಯೇ ಮೂರಕ್ಕೋ ನಾಲ್ಕಕ್ಕೋ ಹೋಗುತ್ತದೆ. ಕೆಲಸದ ಅನುಭವವೇ ಇಲ್ಲಿ ಅಡ್ಡ ಬರುವುದು. ಸಹಿ ಬಿದ್ದಿದೆ ಎಂಬ ಒಂದು ವಾಕ್ಯ ಹೇಳುವುದಿಷ್ಟು: ಎ ಹಂತ ಮುಗಿದಿದೆ, ಬಿ, ಅಂದರೆ ಬಿಸಿನೆಸ್ ಆರ್ಕಿಟೆಕ್ಚರ್, ಶುರುವಾಗಬೇಕು. ಹಾಗಾಗಿ ಒಂದನೆಯದೇ ಅತ್ಯುತ್ತಮ, ಪರಿಶೀಲನೆ ಬಿಟ್ಟ ಎರಡನೆಯದು ಅದರ ನಂತರ. ಮೂರನೇ ಉತ್ತರದಲ್ಲಿ ತಪ್ಪೇನಿಲ್ಲ, ಆದರೆ ಅದು ಎಫ್ ಹಂತದ ಕೆಲಸ. ಬಿ, ಸಿ, ಡಿ ಮುಗಿಯದೆ ಅದಕ್ಕೆ ಬುನಾದಿಯೇ ಇಲ್ಲ. ನಾಲ್ಕನೆಯದರಲ್ಲಿ ಕಾಯಿಲೆ ಏನೆಂದು ನೋಡುವ ಮುಂಚೆಯೇ ಮಾತ್ರೆ ಬರೆದುಕೊಟ್ಟಂತಾಯಿತು.

ಹಾಗಾಗಿ ಸನ್ನಿವೇಶ ಓದುವಾಗ ಕಣ್ಣು ಸುಳಿವಿನ ಪದಗಳ ಮೇಲಿರಲಿ. ರಿಕ್ವೆಸ್ಟ್ ಫಾರ್ ಆರ್ಕಿಟೆಕ್ಚರ್ ವರ್ಕ್ ಬಂದಿದೆ ಎಂದರೆ ಎ ಹಂತದ ಬಾಗಿಲಲ್ಲಿದ್ದೀರಿ. ಬಿಸಿನೆಸ್, ಮಾಹಿತಿ, ತಂತ್ರಜ್ಞಾನದಂಥ ಡೊಮೈನುಗಳ ಅಂತರಗಳನ್ನೆಲ್ಲ ಕಲೆಹಾಕಿ ಟ್ರಾನ್ಸಿಶನ್ ಆರ್ಕಿಟೆಕ್ಚರ್ (ಗುರಿಗೆ ಹೋಗುವ ದಾರಿಯ ನಡುವಿನ ನಿಲ್ದಾಣ) ಬೇಕೇ ಎಂದು ಯೋಚಿಸುತ್ತಿದ್ದರೆ ಇ. ಆರ್ಕಿಟೆಕ್ಚರ್ ಕಾಂಟ್ರ್ಯಾಕ್ಟ್, ಕಂಪ್ಲಯನ್ಸ್ (ಒಪ್ಪಿದಂತೆ ನಡೆದಿದೆಯೇ ಎಂಬ) ಪರಿಶೀಲನೆ ಎಂದರೆ ಜಿ. ಎಲ್ಲ ಜಾರಿಯಾದ ಮೇಲೆ ಬದಲಾವಣೆಯ ಕೋರಿಕೆ ಬಂದರೆ ಎಚ್. ಹಂತ ಗೊತ್ತಾದ ಕೂಡಲೇ ನಾಲ್ಕರಲ್ಲಿ ಎರಡು ಉತ್ತರ ಸಾಮಾನ್ಯವಾಗಿ ಬಿದ್ದುಹೋಗುತ್ತವೆ. ಉಳಿದ ಎರಡರಲ್ಲಿ ಯಾವುದು ಎಲ್ಲರ ಕಾಳಜಿಗೂ ಉತ್ತರ ಕೊಟ್ಟಿದೆ, ಯಾವುದು ಒಬ್ಬರನ್ನು ಬಿಟ್ಟಿದೆ ಎಂದು ನೋಡಿ.

ಪುಸ್ತಕ ನೋಡಬಹುದು ಎನ್ನುವುದನ್ನು ನಂಬಿ ಕೆಟ್ಟವರು ಬಹಳ. ನಿಮ್ಮ ಗುರುತು ಹಾಕಿದ ಪ್ರತಿ ಒಳಗೆ ಬರುವುದಿಲ್ಲ, ತೆರೆಯ ಮೇಲೆ ಸಿಗುವ ಪ್ರತಿಯಲ್ಲೇ ಹುಡುಕಬೇಕು. ಒಂದು ಸನ್ನಿವೇಶಕ್ಕೆ ಸಿಗುವುದು ಸುಮಾರು 11 ನಿಮಿಷ. ಓದಲು 4, ಉತ್ತರಗಳನ್ನು ತೂಗಲು 4, ಒಂದೇ ಒಂದು ಹುಡುಕಾಟಕ್ಕೆ 2 ನಿಮಿಷ ಎಂದು ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಹುಡುಕಿದರೆ ಕೊನೆಯ ಎರಡು ಸನ್ನಿವೇಶಗಳನ್ನು ಓದದೇ ಗುರುತು ಹಾಕಬೇಕಾಗುತ್ತದೆ. ಮರುಪರೀಕ್ಷೆಗೆ ಒಂದು ತಿಂಗಳು ಕಾಯಬೇಕು. ಆ ಅವಧಿಯಲ್ಲಿ ಹೊಸದೇನನ್ನೂ ಓದಬೇಡಿ. ಪ್ರತಿ ಹಂತದ ಒಳಬರುವ, ಹೊರಹೋಗುವ ದಾಖಲೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ನೆನಪಿನಿಂದ ಬರೆಯುವ ಅಭ್ಯಾಸ ಮಾಡಿ.

ಪ್ರಶ್ನೆ: 2017ರಲ್ಲಿ ಟೋಗ್ಯಾಫ್ 9 ಸರ್ಟಿಫೈಡ್ ಆಗಿದ್ದೆ. ಅದರ ಅವಧಿ ಮುಗಿಯಿತೇ?

ಇಲ್ಲ, ಅದಕ್ಕೆ ಕೊನೆಯ ದಿನಾಂಕವಿಲ್ಲ. ಎಡಿಎಂ ಹಂತಗಳೂ ಅವೇ ಇವೆ. 10ನೇ ಆವೃತ್ತಿಯಲ್ಲಿ ಮೂಲ ವಿಷಯವನ್ನು ಆರು ಸಂಪುಟವಾಗಿ ವಿಂಗಡಿಸಿ, ಅಜೈಲ್, ಭದ್ರತೆ, ಬಿಸಿನೆಸ್ ಕೇಪಬಿಲಿಟಿಯಂಥ ವಿಷಯಗಳನ್ನು ಸೀರೀಸ್ ಗೈಡ್ ಎಂಬ ಪ್ರತ್ಯೇಕ ಕೈಪಿಡಿಗಳಿಗೆ ಸಾಗಿಸಿದ್ದಾರೆ. ಹೊಸ ಹೆಸರಿನ ಪ್ರಮಾಣಪತ್ರವೇ ಬೇಕೆಂದರೆ ನಿಮ್ಮಂಥವರಿಗಾಗಿ ಬ್ರಿಡ್ಜ್ ಪರೀಕ್ಷೆ ಇದೆ. ರೆಸ್ಯೂಮೆಯಲ್ಲಿ ಮಾತ್ರ ಪಡೆದದ್ದನ್ನು ಪಡೆದ ಹೆಸರಿನಲ್ಲೇ ಬರೆಯಿರಿ.

ಪ್ರಶ್ನೆ: ಎರಡೂ ಭಾಗ ಪಾಸಾಗಿದೆ. ಸಂದರ್ಶನದಲ್ಲಿ "ನೀವು ಮಾಡಿದ್ದೇನು, ತೋರಿಸಿ" ಎನ್ನುತ್ತಾರೆ. ಏನು ತೋರಿಸಲಿ?

ಅವರು ಕೇಳುವುದು ನ್ಯಾಯವೇ. ಈಗಿನದಕ್ಕೂ ಗುರಿಗೂ ಇರುವ ಅಂತರ ತೋರಿಸುವ ಕೋಷ್ಟಕ, ಅಂದರೆ ಒಂದು ಗ್ಯಾಪ್ ಮ್ಯಾಟ್ರಿಕ್ಸ್, ಮಾಡಿಕೊಂಡು ಹೋಗಿ. ಎಕ್ಸೆಲ್ ಸಾಕು, ಅರ್ಧ ದಿನದ ಕೆಲಸ.

ಒಂದು ಸಹಕಾರಿ ಬ್ಯಾಂಕನ್ನು ಊಹಿಸಿಕೊಳ್ಳಿ. ಎಡಗಡೆ ಮೇಲಿಂದ ಕೆಳಕ್ಕೆ ಇವತ್ತು ಇರುವುದನ್ನು ಬರೆಯಿರಿ: ಉಳಿತಾಯ ಖಾತೆ, ಚಿನ್ನದ ಸಾಲ, ಪಿಗ್ಮಿ ಸಂಗ್ರಹ. ಮೇಲ್ಗಡೆ ಅಡ್ಡಕ್ಕೆ ಗುರಿಯಲ್ಲಿ ಇರಬೇಕಾದದ್ದು: ಉಳಿತಾಯ ಖಾತೆ, ಚಿನ್ನದ ಸಾಲ, ಮೊಬೈಲ್ ಬ್ಯಾಂಕಿಂಗ್. ಬಲತುದಿಗೆ "ಕೈಬಿಟ್ಟದ್ದು" ಎಂಬ ಕಾಲಂ, ಕೆಳತುದಿಗೆ "ಹೊಸದು" ಎಂಬ ಸಾಲು ಸೇರಿಸಿ. ಎರಡೂ ಕಡೆ ಇರುವುದು ಸೇರುವ ಮನೆಯಲ್ಲಿ "ಹಾಗೇ ಉಳಿಯುತ್ತದೆ" ಅಥವಾ "ಸುಧಾರಿಸಬೇಕು" ಎಂದು ತುಂಬಿ. ಮೊಬೈಲ್ ಬ್ಯಾಂಕಿಂಗ್ ಕೆಳಗಿನ ಸಾಲಿಗೆ ಬಂತು: ಕಟ್ಟಿಸಬೇಕು ಅಥವಾ ಕೊಳ್ಳಬೇಕು. ಪಿಗ್ಮಿಗೆ ಮಾತ್ರ ಮೇಲೆ ಜೋಡಿಯೇ ಇಲ್ಲ, ಅದು ಬಲತುದಿಗೆ ಹೋಗಿ ಬಿತ್ತು.

ಈ ಒಂದು ಮನೆಗಾಗಿಯೇ ಇಡೀ ಹಾಳೆ. ಪಿಗ್ಮಿಯನ್ನು ಬೇಕೆಂದೇ ಬಿಟ್ಟರೇ, ಹೊಸ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಆ ಹೆಸರಿರಲಿಲ್ಲವೆಂದು ಮರೆತರೇ? ಮರೆತದ್ದಾದರೆ ಗುರಿಯನ್ನೇ ತಿದ್ದಬೇಕು. ಇಲ್ಲದಿದ್ದರೆ ಹೊಸ ವ್ಯವಸ್ಥೆ ಶುರುವಾದ ದಿನ ಸಂಜೆ ಅಂಗಡಿ ಅಂಗಡಿ ಸುತ್ತಿ ಬಂದ ಏಜೆಂಟರಿಗೆ ಹಣ ಕಟ್ಟಲು ಸ್ಕ್ರೀನೇ ಇರುವುದಿಲ್ಲ. ಬೇಕೆಂದೇ ಬಿಟ್ಟದ್ದಾದರೆ ಆ ಗ್ರಾಹಕರನ್ನು ಎಲ್ಲಿಗೆ ಸಾಗಿಸುವುದು ಎಂಬುದೂ ಯೋಜನೆಯೊಳಗೆ ಬರಬೇಕು. ಸಂದರ್ಶಕರ ಮುಂದೆ ಇದನ್ನು ಹತ್ತು ನಿಮಿಷ ವಿವರಿಸಬಲ್ಲಿರಾದರೆ ಎಡಿಎಂ ಚಕ್ರದ ಚಿತ್ರ ಬಿಡಿಸಿ ತೋರಿಸುವುದಕ್ಕಿಂತ ಎಷ್ಟೋ ಮೇಲು. ಚಿತ್ರವೂ ಬೇಕೆಂದರೆ ಆರ್ಕಿಟೆಕ್ಚರನ್ನು ಚಿತ್ರದಲ್ಲಿ ಬರೆಯುವ ಸಂಕೇತಭಾಷೆಯಾದ ಆರ್ಚಿಮೇಟ್ ಕಲಿಯಿರಿ, ಅದಕ್ಕೆ ಆರ್ಚಿ ಎಂಬ ಉಚಿತ ಸಾಧನವಿದೆ. ಈಗಿನ ಕಂಪನಿಯ ನಿಜ ವಿವರಗಳನ್ನು ಮಾತ್ರ ಹೊರಗೆ ಒಯ್ಯಬೇಡಿ, ಕಾಲ್ಪನಿಕ ಸಂಸ್ಥೆಯೇ ಸಾಕು.

ಪ್ರಶ್ನೆ: ಮನೆಯಿಂದಲೇ ಪರೀಕ್ಷೆ ಬರೆಯುವಾಗ ಏನು ಜಾಗ್ರತೆ?

ಹೆಸರು ಮೊದಲು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಚುಟುಕಾಗಿ, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರಾಗಿ ಇರುವುದು ಮಾಮೂಲು. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಸಂಸ್ಥೆಯ ಖಾತೆಯಲ್ಲಿರುವ ಹೆಸರು ನೀವು ತೋರಿಸುವ ಗುರುತಿನ ಚೀಟಿಯ ಹೆಸರಿಗೆ ಹೊಂದದಿದ್ದರೆ ಪರೀಕ್ಷೆಗೆ ಕೂರಿಸದೇ ಇರಬಹುದು, ಕಟ್ಟಿದ ಶುಲ್ಕವೂ ಹೋಗಬಹುದು. ಬುಕ್ ಮಾಡುವ ಮುಂಚೆಯೇ ತಿದ್ದಿಸಿಕೊಳ್ಳಿ. ಆಫೀಸಿನ ಲ್ಯಾಪ್‌ಟಾಪ್ ಬೇಡ, ಅದರ ವಿಪಿಎನ್, ಫೈರ್‌ವಾಲ್ ಪರೀಕ್ಷೆಯ ತಂತ್ರಾಂಶವನ್ನು ತಡೆಯುವುದುಂಟು. ಸ್ವಂತದ್ದರಲ್ಲಿ, ಪರೀಕ್ಷೆ ಬರೆಯುವ ಅದೇ ಕೋಣೆಯಲ್ಲಿ, ಅದೇ ವೈಫೈನಲ್ಲಿ ಹಿಂದಿನ ದಿನವೇ ಸಿಸ್ಟಂ ಟೆಸ್ಟ್ ಓಡಿಸಿ ನೋಡಿ. ಮೇಜಿನ ಮೇಲೆ ಕಾಗದ, ಎರಡನೇ ಮಾನಿಟರ್ ಇರಬಾರದು. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ಕರೆಂಟು ಆಗಾಗ ಹೋಗುವ ಬಡಾವಣೆಯಾದರೆ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವುದೇ ವಾಸಿ.