‘ಸಾಕಷ್ಟು ಹೊತ್ತು’ ಅಂದ್ರೆ ಎಷ್ಟು ಹೊತ್ತು?

ತೊಟ್ಟಿಯಲ್ಲಿ ಸಾಕಿದ ವಿಷಮುಳ್ಳಿನ ಮೀನು ಕೈಗೆ ಚುಚ್ಚಿದ ಬಗ್ಗೆ ಗೋಣಿಕೊಪ್ಪದಿಂದ ‘ನನ್ನ ತೊಟ್ಟಿಯ ಚೇಳುಮೀನು’ ಲೇಖನ ಕಳಿಸಿದ ಗೆಳೆಯರಿಗೆ ನಮಸ್ಕಾರ.

ನಿಮ್ಮ ಭಾಷೆ ತಿಳಿಯಾಗಿದೆ. ಮಳೆಯ ರಾತ್ರಿ ಕರೆಂಟು ಹೋಗಿ ಏರ್ ಪಂಪ್ ನಿಂತದ್ದು, ಟಾರ್ಚ್ ಬೆಳಕಲ್ಲಿ ಮೀನು ಮೇಲೆ ಬಂದು ಗಾಳಿ ಗುಟುಕರಿಸಿದ್ದು ಚೆನ್ನಾಗಿ ಬಂದಿದೆ. ಆದರೆ ಲೇಖನವನ್ನು ಹೀಗೇ ಹಾಕಲು ಆಗುವುದಿಲ್ಲ. ಮೂರು ವಾಕ್ಯಗಳು ನನ್ನನ್ನು ಬಹಳ ಕಾಡಿವೆ.

ಮೊದಲನೆಯದು: ‘ಅದು ಕಾಳಸರ್ಪದಂತೆ ನನ್ನ ಮೇಲೆ ಎರಗಿತು.’

ಎರಗಲಿಲ್ಲ. ಅದರ ಹಿಂದಿನ ಸಾಲಲ್ಲೇ ನೀವು ಮೀನನ್ನು ಮುಷ್ಟಿಯಲ್ಲಿ ಹಿಡಿದಿದ್ದೀರಿ. ಚೇಳುಮೀನಿಗೆ ಎದೆಯ ಎರಡೂ ಪಕ್ಕದ ರೆಕ್ಕೆಗಳಲ್ಲಿ ಒಂದೊಂದು ಗಟ್ಟಿ ಮುಳ್ಳಿದೆ. ಹೆದರಿದಾಗ ಮೀನು ಅದನ್ನು ಸೆಟೆಸಿ ನಿಲ್ಲಿಸುತ್ತದೆ. ಚುಚ್ಚಿದಾಗ ಮುಳ್ಳಿನ ಮೇಲಿನ ತೆಳು ಚರ್ಮ ಹರಿದು ವಿಷ ಗಾಯಕ್ಕೆ ಇಳಿಯುತ್ತದೆ. ಅದು ತನ್ನನ್ನು ಕಾಪಾಡಿಕೊಂಡಿತು, ಅಷ್ಟೇ. ನೀವು ಮೀನನ್ನು ಖಳನಾಯಕ ಮಾಡಿದ ಕೂಡಲೇ ಓದುಗ ನಿಮ್ಮ ಕೈ ಏನು ಮಾಡಿತು ಅಂತ ನೋಡುವುದನ್ನು ಬಿಡುತ್ತಾನೆ. ಅವನು ನೋಡಬೇಕಾದ್ದು ಅದನ್ನೇ ಅಲ್ವಾ?

ಎರಡನೆಯದು: ‘ಎಚ್ಚರಿಕೆಯಿಂದ ಬಲೆ ಹಾಕಿ ಹಿಡಿಯಬೇಕು.’

ಈ ಸಾಲು ಓದಿ ಸಿಟ್ಟು ಬಂತು. ಆ ಮುಳ್ಳಿಗೆ ಗರಗಸದಂಥ ಹಲ್ಲುಗಳಿವೆ. ಬಲೆಗೆ ಸಿಕ್ಕಿದರೆ ಬಿಡುವುದಿಲ್ಲ. ಆಮೇಲೆ ಬಿಡಿಸಲು ಬೆರಳು ಹಾಕಲೇಬೇಕು, ಆಗಲೇ ಚುಚ್ಚಿಸಿಕೊಳ್ಳುವುದು. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೇ ಅಡ್ಡ ಹಿಡಿದು, ಒಂದು ಕೋಲಿನಿಂದ ಮೀನನ್ನು ಮೆಲ್ಲಗೆ ಅದರೊಳಗೆ ಓಡಿಸಿ, ಮುಚ್ಚಳ ಹಾಕಿ, ನೀರಿನ ಸಮೇತ ಎತ್ತಬೇಕು. ತೆಳು ರಬ್ಬರ್ ಗ್ಲೌಸನ್ನು ನಂಬಬಾರದು, ಮುಳ್ಳು ಅದನ್ನು ದಾಟುತ್ತದೆ. ‘ಎಚ್ಚರಿಕೆಯಿಂದ’ ಅಂತ ಬರೆದರೆ ಇದರಲ್ಲಿ ಒಂದೂ ಓದುಗನಿಗೆ ಸಿಗುವುದಿಲ್ಲ.

ಮೂರನೆಯದು: ‘ಕೈಯನ್ನು ಬಿಸಿನೀರಿನಲ್ಲಿ ಸಾಕಷ್ಟು ಹೊತ್ತು ಇಡಬೇಕು.’

ಎಷ್ಟು ಬಿಸಿ? ಎಷ್ಟು ಹೊತ್ತು?

ನಾನು ಮಡಿಕೇರಿಯಲ್ಲಿ ಕೆಲಸ ಕಲಿಯುವಾಗ ಕೃಷಿ ಪುಟಕ್ಕೆ ಬರುವ ಬರಹಗಳನ್ನು ಓದಿ ತಿದ್ದುವುದು ನನ್ನ ಪಾಲಿಗಿತ್ತು. ಒಮ್ಮೆ ಒಬ್ಬ ಬೆಳೆಗಾರರು ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಕ್ರಮ ಬರೆದು ಕಳಿಸಿದ್ದರು. ‘ಮೈಲುತುತ್ತಕ್ಕೆ ಸ್ವಲ್ಪ ಸುಣ್ಣ ಸೇರಿಸಿ’ ಅಂತ ಇತ್ತು. ನಮ್ಮ ಹಿರಿಯ ಸಂಪಾದಕರು ಆ ‘ಸ್ವಲ್ಪ’ಕ್ಕೆ ಕೆಂಪು ಗೆರೆ ಎಳೆದು, ‘ಈಗ ನೀನು ಡ್ರಮ್ಮಿನ ಮುಂದೆ ನಿಂತಿದ್ದೀಯ, ಕೈಯಲ್ಲಿ ಸುಣ್ಣ ಇದೆ, ಎಷ್ಟು ಹಾಕ್ತೀಯ ಹೇಳು’ ಅಂದರು. ಬೆಳೆಗಾರರನ್ನು ಹುಡುಕಿಕೊಂಡು ಹೋಗಿ ಕೇಳಿ ಬಂದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ತೊಳೆದ ಕತ್ತಿಯನ್ನು ಅದ್ದಿ ನೋಡಬೇಕು, ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಅಷ್ಟೂ ಅಚ್ಚಾಯಿತು. ಅವತ್ತಿನಿಂದ ಓದುಗ ಕೈಯಾರೆ ಮಾಡಬೇಕಾದ ಯಾವ ಕೆಲಸದ ಬರಹ ಬಂದರೂ ನಾನು ಅವನ ಜಾಗದಲ್ಲಿ ನಿಂತೇ ಓದುತ್ತೇನೆ.

ನಿಮ್ಮ ಓದುಗ ಸೋಮವಾರಪೇಟೆಯ ಆಚೆ ಯಾವುದೋ ಎಸ್ಟೇಟಿನ ಲೈನ್ ಮನೆಯಲ್ಲಿರಬಹುದು. ಜುಲೈ ತಿಂಗಳು, ರಸ್ತೆಗೆ ಮರ ಬಿದ್ದಿದೆ, ಬೆರಳು ಉರಿಯುತ್ತಿದೆ. ನೋವಿನ ಕೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಕುದಿಯುವ ನೀರಿಗೆ ಅದ್ದಿದರೆ ಬೊಬ್ಬೆ ಬರುತ್ತದೆ. ಹಾಗಾಗಿ ಹೀಗೆ ಬರೆಯಿರಿ: ನೀರು ಸುಮಾರು 45 ಡಿಗ್ರಿ ಸೆಲ್ಸಿಯಸ್ ಇರಲಿ, ಜಾಸ್ತಿ ಬೇಡ. ಚುಚ್ಚದ ಕೈಯನ್ನು ಮೊದಲು ಅದ್ದಿ ನೋಡಿ, ತಡೆಯಲು ಆದರೆ ಮಾತ್ರ ಗಾಯದ ಕೈ ಇಡಿ. 30ರಿಂದ 90 ನಿಮಿಷ. ಆರಿದಂತೆ, ಕೈ ಹೊರಗೆ ತೆಗೆದು, ಬಿಸಿನೀರು ಸೇರಿಸಿ ಮತ್ತೆ ಪರೀಕ್ಷಿಸಿ. ಬಿಸಿ ಯಾಕೆ ಅನ್ನುವುದನ್ನೂ ಒಂದು ಸಾಲಲ್ಲಿ ಹೇಳಿ. ಆ ವಿಷ ಪ್ರೋಟೀನಿನದು, ಬಿಸಿಗೆ ಕೆಡುತ್ತದೆ. ಕಾರಣ ಗೊತ್ತಾದವನು ಅರ್ಧಕ್ಕೆ ಕೈ ತೆಗೆಯುವುದಿಲ್ಲ.

ನೋವು ಇಳಿದ ಮೇಲೂ ಆಸ್ಪತ್ರೆಗೆ ಹೋಗಬೇಕು ಅಂತ ಬರೆಯಲೇಬೇಕು. ಮುಳ್ಳಿನ ತುಂಡು ಒಳಗೇ ಉಳಿದಿರಬಹುದು, ಗಾಯ ಕೀವಾಗಬಹುದು, ಟೆಟನಸ್ ಇಂಜೆಕ್ಷನ್ ಬೇಕಾಗಬಹುದು. ಉಸಿರು ಕಟ್ಟಿದರೆ ಬಿಸಿನೀರಿಗೆ ಕಾಯದೆ ಹೊರಡಬೇಕು.

‘ತಿಂದರೆ ಸಾವು’ ಅನ್ನುವ ಸಾಲನ್ನು ನಾನೇ ಹೊಡೆದು ಹಾಕಿದ್ದೇನೆ. ಬಂಗಾಳದಲ್ಲಿ ಇದೇ ಮೀನಿನ ಸಾರನ್ನು ಕಾಯಿಲೆಯಿಂದ ಏಳುತ್ತಿರುವವರಿಗೆ ಕೊಡುತ್ತಾರೆ.

ಇನ್ನೊಂದು ಕೇಳಬೇಕು. ತೊಟ್ಟಿಗೆ ಮುಚ್ಚಳ ಇದೆಯಾ? ಲೇಖನದಲ್ಲಿ ಎಲ್ಲೂ ಇಲ್ಲ. ಇದು ಗಾಳಿ ಉಸಿರಾಡುವ ಮೀನು, ಹೊರಗೆ ಹಾರಿ ಬಿದ್ದರೂ ಬೇಗ ಸಾಯುವುದಿಲ್ಲ. ನಿಮ್ಮ ಪುಟ್ಟ ತಂಗಿ ಬೆಳಿಗ್ಗೆ ಎದ್ದು ಮೀನಿಗೆ ತಿಂಡಿ ಹಾಕುತ್ತಾಳೆ ಅಂತ ನೀವೇ ಬರೆದಿದ್ದೀರಿ. ನೆಲದ ಮೇಲೆ ಅವಳದು ಬರಿಗಾಲು. ಬಿಗಿ ಮುಚ್ಚಳ ಹಾಕಿ, ನೀರಿಗೂ ಮುಚ್ಚಳಕ್ಕೂ ನಡುವೆ ಮೀನು ಉಸಿರೆಳೆಯಲು ಜಾಗ ಬಿಡಿ. ಹಾಗೆ ಮಾಡಿದ ಮೇಲೆ ಅದನ್ನೂ ಬರೆದು ಸೇರಿಸಿ ಕಳಿಸಿ. ಮಳೆಗಾಲದ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.