ಕೋಡುಬಳೆ ಡಬ್ಬ ಮತ್ತು ರಾತ್ರಿಯ ಮಾತ್ರೆ

ಓದುಗರ ಪತ್ರ: ಖಿನ್ನತೆಗೆ ನಾಲ್ಕು ತಿಂಗಳಿಂದ ರಾತ್ರಿ ಮಿರ್ಟಾಜಪೈನ್ ಮಾತ್ರೆ ತಗೊಳ್ತಿದ್ದೇನೆ. ಮೊದಲು 54 ಕೆಜಿ ಇದ್ದೆ, ಊಟ ಸೇರದೆ 49ಕ್ಕೆ ಇಳಿದೆ, ಈಗ 58. ಮನಸ್ಸು ಹಗುರಾಗಿದೆ, ಆದರೆ ರಾತ್ರಿ 11 ಗಂಟೆಗೆ ಕೋಡುಬಳೆ ಡಬ್ಬ ಹುಡುಕುತ್ತೇನೆ. ನಾಲಿಗೆ ಚಪಲ ಅಂತಾರೆ ಅತ್ತೆ. ಮಾತ್ರೆ ನಿಲ್ಲಿಸಲೇ?

ಸಂಪಾದಕರ ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಮತ್ತೆ ಇದು ಚಪಲ ಅಲ್ಲ ಅಂತ ಅತ್ತೆಯವರಿಗೂ ಓದಿ ಹೇಳಿ.

ನೆಗಡಿಗೆ ಸೆಟಿರಿಜಿನ್ ನುಂಗಿದರೆ ತೂಕಡಿಕೆ ಬರುತ್ತೆ, ಅಲ್ವಾ? ಅದು ಹಿಸ್ಟಮಿನ್ ಅನ್ನೋ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುವುದರಿಂದ. ಮಿದುಳಿನಲ್ಲಿ ಎಚ್ಚರ ಇಡುವುದು, ಹಸಿವನ್ನು ಹತೋಟಿಯಲ್ಲಿಡುವುದು ಎರಡರಲ್ಲೂ ಹಿಸ್ಟಮಿನ್‌ಗೆ ಪಾಲಿದೆ. ಮಿರ್ಟಾಜಪೈನ್ ಅದನ್ನು ಜೋರಾಗಿಯೇ ತಡೆಯುತ್ತದೆ. ಹಾಗಾಗಿ ನಿದ್ದೆಯೂ ಬಂತು, ಹಸಿವೂ ಬಂತು. ಊಟ ನಿದ್ದೆ ಎರಡೂ ಕೆಟ್ಟವರಿಗೆ ಡಾಕ್ಟರು ಎಷ್ಟೋ ಸಲ ಈ ಮಾತ್ರೆಯನ್ನೇ ಆರಿಸುವುದು ಇದಕ್ಕೇ.

ಲೆಕ್ಕವನ್ನೂ ಸರಿಯಾಗಿ ಹಾಕಿ. ಏರಿದ 9 ಕೆಜಿಯಲ್ಲಿ 5 ಕಾಯಿಲೆ ಕಿತ್ತುಕೊಂಡಿದ್ದು, ವಾಪಸ್ ಬಂದಿದೆ ಅಷ್ಟೆ. ಉಳಿದ 4ರ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು, ಅದನ್ನು ಸುಮ್ನೆ ಸಹಿಸಿಕೊಳ್ಳಬೇಕಾಗಿಲ್ಲ.

ಖಿನ್ನತೆಯ ಎಲ್ಲ ಮಾತ್ರೆಗಳೂ ಒಂದೇ ಥರ ಅಲ್ಲ. ಅಮಿಟ್ರಿಪ್ಟಿಲಿನ್, ಪ್ಯಾರಾಕ್ಸೆಟಿನ್‌ನಲ್ಲೂ ತೂಕ ಏರುವ ದೂರು ಜಾಸ್ತಿ. ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತದೆ, ಅದಕ್ಕೆ ಅಂತ ಸಕ್ಕರೆ ಹಾಕಿದ ಕಾಫಿ, ಜ್ಯೂಸು ಕುಡಿಯುತ್ತಾ ಹೋದರೆ ತೂಕ ಇನ್ನೂ ಏರುತ್ತದೆ. ಫ್ಲುಯಾಕ್ಸೆಟಿನ್ ಶುರುವಿನಲ್ಲಿ ಹಸಿವು ತಗ್ಗಿಸುವುದುಂಟು. ಬುಪ್ರೊಪಿಯಾನ್‌ನಿಂದ ತೂಕ ಸಾಮಾನ್ಯವಾಗಿ ಏರುವುದಿಲ್ಲ, ಆದರೆ ಫಿಟ್ಸ್ ಇರುವವರಿಗೆ ಅದು ಆಗದು. ಬದಲಿಸಬೇಕೋ, ಡೋಸ್ ಇಳಿಸಬೇಕೋ ಅನ್ನುವುದನ್ನು ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು, ಪತ್ರಿಕೆಯವರಲ್ಲ. ಮೂರೂ ತೂಕಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಥೈರಾಯ್ಡ್, ಶುಗರ್ ಪರೀಕ್ಷೆ ಬೇಕಾ ಅಂತಲೂ ಕೇಳಿ.

ತಟ್ಟನೆ ಬಿಟ್ಟರೆ ತಲೆ ಸುತ್ತು, ವಾಕರಿಕೆ, ನಿದ್ದೆಗೇಡು ಶುರುವಾಗಬಹುದು, ಬಿಟ್ಟುಹೋದ ಕಾಯಿಲೆಯೂ ಮರಳಬಹುದು. ಅಪಾಯಿಂಟ್‌ಮೆಂಟ್ ಸಿಗುವುದು ತಡವಾದರೆ, ಮನಸ್ಸು ಕುಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಅಲ್ಲಿಯವರೆಗೆ ಕೋಡುಬಳೆ ಡಬ್ಬ ಅಟ್ಟಕ್ಕೆ ಹೋಗಲಿ. ಕೈಗೆಟುಕುವ ಕಡೆ ಸೌತೆಕಾಯಿ, ಒಂದು ಹಿಡಿ ಹುರಿಗಡಲೆ ಇಡಿ. ರಾತ್ರಿ 11ರ ಹಸಿವು ನಿಜವಾದದ್ದೇ, ಅದಕ್ಕೆ ಏನಾದರೂ ಕೊಡಲೇಬೇಕು.